ತುಪ್ಪದ ಮೇಲಿನ ಜೋಳದ ಕಾಳು

ಈಚೆಗೆ ದವಾಖಾನೆಯಲ್ಲಿ ನರ್ಸಬಾಯಿಯೊಬ್ಬಳು ನನಗೆ ಲಸಿಕೆಯ ಬಾಟ್ಲಿ ತೋರಿಸಿದಳು. ಲೇಬಲ್ಲಿನ ಮೇಲೆ ಒಂದು ಸಣ್ಣ ಚೌಕ. ಔಷಧಿಗೆ ಬಿಸಿ ತಗುಲಿ ಕೆಟ್ಟರೆ ಆ ಚೌಕ ತಾನೇ ಕಪ್ಪಾಗುತ್ತದಂತೆ. "ಎಂಥಾ ಶಾಣ್ಯಾತನ ನೋಡ್ರಿ ಅಮ್ಮಾರ," ಎಂದಳು. ನನಗೆ ನಗು ಬಂತು. ಇದನ್ನು ನಮ್ಮತ್ತೆ ಎಪ್ಪತ್ತರ ದಶಕದಲ್ಲೇ, ಬಬಲೇಶ್ವರದ ಅಡುಗೆಮನೆಯಲ್ಲಿ, ಒಂದು ಚಮಚ ತುಪ್ಪದಲ್ಲಿ ಮಾಡಿದ್ದಳು. ಆಕೆಗೆ ಸಹಿ ಹಾಕಲೂ ಬರುತ್ತಿರಲಿಲ್ಲ.

ಅತ್ತೆಗೆ ಸಕ್ಕರೆ ಕಾಯಿಲೆ. ದಿನಾ ಮುಂಜಾನೆ ಇನ್ಸುಲಿನ್ ಚುಚ್ಚಬೇಕು, ಚುಚ್ಚುವವಳು ನಾನು. ಮದುವೆಯಾಗಿ ವರ್ಷ ತುಂಬುವುದರೊಳಗೆ ಗಾಜಿನ ಸಿರಿಂಜು ಕುದಿಸುವುದನ್ನೂ ಸೂಜಿ ಹಿಡಿಯುವುದನ್ನೂ ಕಲಿತಿದ್ದೆ. ಔಷಧಿ ತಂಪಿನಲ್ಲಿರಬೇಕು. ಫ್ರಿಜ್ ನಮ್ಮ ಓಣಿಯಲ್ಲಿ ಯಾರ ಮನೆಯಲ್ಲೂ ಇರಲಿಲ್ಲ. ದೊಡ್ಡ ಗಡಿಗೆಯಲ್ಲಿ ಹಸಿ ಉಸುಕು ತುಂಬಿ, ನಡುವೆ ಸಣ್ಣ ಗಡಿಗೆ ಹೂತು, ಅದರೊಳಗೆ ಬಾಟ್ಲಿ ಇಡುತ್ತಿದ್ದೆವು. ಉಸುಕಿಗೆ ದಿನಕ್ಕೆ ಮೂರು ಸಲ ನೀರು ಬೇಕು.

ನಾನು ಸೊಸೆಯಾಗಿ ಬರುವ ಮುಂಚಿನ ಬೇಸಿಗೆಯಲ್ಲಿ ಉಸುಕು ಒಣಗಿ ಔಷಧಿ ಕೆಟ್ಟಿತ್ತು. ಕಣ್ಣಿಗೆ ಮಾತ್ರ ತಿಳಿನೀರಿನಂತೆಯೇ ಇತ್ತಂತೆ. ಅದನ್ನೇ ಚುಚ್ಚಿಸಿಕೊಂಡ ಅತ್ತೆ ಕೆಲವೇ ದಿನಗಳಲ್ಲಿ ಎಚ್ಚರ ತಪ್ಪಿ, ವಿಜಾಪುರದ ದವಾಖಾನೆಯಿಂದ ಹೇಗೋ ಬದುಕಿ ಬಂದಿದ್ದಳು. ಬಂದವಳೇ ಮುಲಾಮಿನ ಖಾಲಿ ಗಾಜಿನ ಡಬ್ಬಿಗೆ ತುಪ್ಪ ಹಾಕಿ, ಅದು ಗಟ್ಟಿಯಾದ ಮೇಲೆ ಒಂದು ಜೋಳದ ಕಾಳನ್ನಿಟ್ಟು, ಬಾಟ್ಲಿಯ ಮಗ್ಗುಲಿಗೆ ಕೂಡಿಸಿದಳು. ಬಿಸಿ ತಗುಲಿದರೆ ತುಪ್ಪ ಕರಗುತ್ತದೆ, ಕಾಳು ಮುಳುಗುತ್ತದೆ. ತುಪ್ಪ ಮತ್ತೆ ಗಟ್ಟಿಯಾದರೂ ಕಾಳು ಮೇಲೆ ಬರುವುದಿಲ್ಲ.

ಮೆಟ್ರಿಕ್ ಪಾಸಾದ ನನಗೆ ಇದೊಂದು ನಗೆಯಾಟ. "ಅತ್ತಿ, ಲೇಬಲ್ ಮ್ಯಾಲ ತಾರೀಖ ಬರದೈತ್ರಿ. ಇನ್ನೂ ಒಂದ ವರ್ಷ ಕೆಡೂದಿಲ್ಲ," ಎನ್ನುತ್ತಿದ್ದೆ.

"ತಾರೀಖ ಬರದಾವಗ ನಮ್ಮ ಬಬಲೇಶ್ವರದ ಬಿಸಲ ಗೊತ್ತೈತೇನ?" ಎನ್ನುತ್ತಿದ್ದಳು. ಮಾತಿನಲ್ಲಿ ಆಕೆಯನ್ನು ಗೆದ್ದವರನ್ನು ನಾನು ಕಂಡಿಲ್ಲ.

ಬೇಸಿಗೆಯ ಒಂದು ದಿನ ಅತ್ತೆ ಚುಚ್ಚಿಸಿಕೊಂಡು ಜೈನಾಪುರಕ್ಕೆ ಮದುವೆಗೆ ಹೊರಟಳು. ಹೊಸ್ತಿಲಲ್ಲಿ ನಿಂತು, "ಉಸುಕಿಗೆ ನೀರ ಹಾಕೂದ ಮರೀಬ್ಯಾಡ ಯವ್ವಾ," ಎಂದಳು. ಅವತ್ತೇ ತಿಕೋಟಾದಿಂದ ನನ್ನ ಅಕ್ಕ ಶಾವಿಗೆ ಹೊಸೆಯಲು ಬಂದಿದ್ದಳು. ಶಾವಿಗೆ ಮಣೆ ಹಾಕಲು ಜಾಗ ಸಾಲದೆಂದು ಗಡಿಗೆಯನ್ನು ನಾನೇ ಎತ್ತಿ ಹಿತ್ತಲಲ್ಲಿ ಬೇವಿನ ನೆರಳಿಗಿಟ್ಟೆ. ತವರಿನ ಸುದ್ದಿ ಶುರುವಾದರೆ ಕೇಳಬೇಕೆ? ನೀರೂ ಮರೆತೆ, ನೆರಳು ಸರಿಯುತ್ತದೆ ಎನ್ನುವುದನ್ನೂ ಮರೆತೆ. ಇಳಿಹೊತ್ತಿಗೆ ಓಡಿ ಹೋಗಿ ನೋಡಿದರೆ ಗಡಿಗೆ ಉರಿಬಿಸಿಲಿನಲ್ಲಿತ್ತು. ತುಪ್ಪ ಎಣ್ಣೆಯಾಗಿತ್ತು, ಕಾಳು ತಳ ಸೇರಿತ್ತು.

ಆಮೇಲೆ ಮಾಡಿದ್ದನ್ನು ಹೇಳಲು ಇವತ್ತಿಗೂ ನಾಚಿಕೆ. ಗಡಿಗೆಯನ್ನು ಒಳಗೆ ತಂದು ನೀರು ಸುರಿದೆ. ಸಂಜೆಗೆ ತುಪ್ಪ ಗಟ್ಟಿಯಾದಾಗ ಮೇಲೆ ಇನ್ನೊಂದು ಕಾಳು ಇಟ್ಟುಬಿಟ್ಟೆ. ತಾರೀಖು ಇದೆಯಲ್ಲ, ಏನೂ ಆಗುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಬೈಸಿಕೊಳ್ಳುವ ಅಂಜಿಕೆ, ಬೇರೇನಲ್ಲ. ಮದುವೆಯಿಂದ ಬಂದ ಅತ್ತೆ ಗಡಿಗೆಯ ಹತ್ತಿರ ಹೋಗಿ ಬಂದಳು, ಏನೂ ಅನ್ನಲಿಲ್ಲ. ನನಗೆ ಹೋದ ಜೀವ ಬಂತು.

ಮರುದಿನ ಎದ್ದಾಗ ನಮ್ಮನೆಯವರು ಇರಲಿಲ್ಲ. ಹೊಲಕ್ಕೆ ಹೋಗಿರಬೇಕು ಅಂದುಕೊಂಡು ಸಿರಿಂಜು ಕುದಿಸಿದೆ. ಅತ್ತೆ ಕಂಬಕ್ಕೆ ಒರಗಿ ಕುಳಿತು, ಕುಪ್ಪಸದ ತೋಳು ಮೇಲೇರಿಸಿ ಕೈ ಚಾಚಿದಳು. ಆ ತೋಳಿನ ತುಂಬ ನಾನೇ ಚುಚ್ಚಿದ ಗುರುತುಗಳು.

"ಕಾಳ ಮ್ಯಾಲ ಐತಿಲ್ಲ?" ಎಂದಳು.

ಔಷಧಿಯನ್ನು ಸಿರಿಂಜಿಗೆ ಎಳೆದಾಗಿತ್ತು. ಹೂಂ ಅನ್ನಲು ಬಾಯಿ ತೆರೆದರೆ ಅಳು ಬಂತು. "ನಾ ಚುಚ್ಚೂದಿಲ್ರಿ ಅತ್ತಿ. ನಿನ್ನೆ ಗಡಿಗಿ ಬಿಸಲಾಗ ಇಟ್ಟಿದ್ನಿ, ಕಾಳ ಮುಳುಗಿತ್ತು. ಮ್ಯಾಲಿನ ಕಾಳ ನಾ ಇಟ್ಟದ್ದರಿ."

ಅತ್ತೆ ತೋಳು ಇಳಿಸಿಕೊಂಡಳು. ಗಡಿಗೆಯಿಂದ ಡಬ್ಬಿ ತೆಗೆದು ಅದರ ತಳವನ್ನು ನನ್ನ ಕಡೆ ಹಿಡಿದಳು. ಗಾಜಿನೊಳಗಿಂದ ಹಳೆಯ ಕಾಳು ಸ್ಪಷ್ಟವಾಗಿ ಕಾಣುತ್ತಿತ್ತು. ಡಬ್ಬಿ ಎತ್ತಿ ನೋಡುವಷ್ಟು ಬುದ್ಧಿ ಈ ಮೆಟ್ರಿಕ್ ಪಾಸಾದವಳಿಗೆ ಹೊಳೆದಿರಲಿಲ್ಲ.

"ನಿನ್ನೆನ ನೋಡೀನಿ," ಎಂದಳು. "ನಿನ್ನ ಗಂಡನ್ನ ಮೊದಲ ಬಸ್ಸಿಗೆ ವಿಜಾಪುರಕ್ಕ ಕಳಿಸೀನಿ. ಹೊಸಾ ಬಾಟ್ಲಿ ತರ್ತಾನ."

"ಮತ್ತ ಕೈ ಯಾಕ ಚಾಚಿದ್ರಿ?"

"ನಿನ್ನ ನೋಡಾಕ."

"ನಾ ಚುಚ್ಚಿಬಿಟ್ಟಿದ್ರ?"

"ಸೂಜಿ ಹತ್ರ ಬಂದ್ರ ಕೈ ಹಿಂದ ತಗೋತಿದ್ನಿ. ನಾ ಏನ ಹುಚ್ಚಿ ಅನ್ಕೊಂಡೀಯೇನ?" ಎಂದು ತನ್ನ ಸೆರಗಿನಿಂದಲೇ ನನ್ನ ಕಣ್ಣೊರೆಸಿದಳು.

ಮಧ್ಯಾಹ್ನದೊಳಗೆ ಹೊಸ ಬಾಟ್ಲಿ ಬಂತು. ಅತ್ತೆ ತುಪ್ಪ ಕರಗಿಸಿ, ಎರಡೂ ಕಾಳು ತೆಗೆದು, ಅದು ಮತ್ತೆ ಗಟ್ಟಿಯಾಗುವವರೆಗೆ ಕಾದಳು. ಆಮೇಲೆ ಜೋಳದ ಚೀಲದಿಂದ ಒಂದು ಕಾಳು ಆರಿಸಿ ನನ್ನ ಅಂಗೈಯಲ್ಲಿಟ್ಟಳು.

"ಇನ್ನ ಮ್ಯಾಲ ನೀನ ಇಡು," ಎಂದಳು.

ಅದಾದ ಮೇಲೆ ಹನ್ನೆರಡು ವರ್ಷ ಬದುಕಿದ್ದಳು ನಮ್ಮತ್ತೆ. ದಿನಾ ಮುಂಜಾನೆ ಕೈ ಚಾಚುತ್ತಿದ್ದಳು. ಡಬ್ಬಿಯನ್ನು ಮಾತ್ರ ಒಂದು ಸಲವೂ ಎತ್ತಿ ನೋಡಲಿಲ್ಲ.