ಇಮಾಮ್ ಸಾಬರು ಕ್ರೋಟನ್ನಿಗೆ ಮಾಡಿದ ಕ್ಷೌರ

ಇಮಾಮ್ ಸಾಬರು ಗಿಡಕ್ಕೆ ಕ್ಷೌರ ಮಾಡುವುದನ್ನು ನೋಡದವನು ಶಿರಾದಲ್ಲಿ ಹುಟ್ಟಿಯೂ ದಂಡ. ಕೋಟೆ ಪಕ್ಕದ ಅವರ ಅಂಗಡಿಯಲ್ಲಿದ್ದದ್ದು ಒಂದೇ ಕುರ್ಚಿ. ಆ ಕುರ್ಚಿಯ ಮೇಲೆ ಎಣ್ಣೆ ಡಬ್ಬ, ಡಬ್ಬದಲ್ಲಿ ಕ್ರೋಟನ್ ಗಿಡ, ಗಿಡದ ಕುತ್ತಿಗೆಗೆ ಗಿರಾಕಿಗಳಿಗೆ ಹೊದಿಸುವ ಬಿಳಿ ಬಟ್ಟೆ. ಸಾಬರು ಬ್ರಶ್ಶಿನಲ್ಲಿ ನೊರೆ ಎಬ್ಬಿಸಿ ಒಂದೊಂದೇ ಎಲೆಗೆ ಹಿಂದೆ ಮುಂದೆ ಬಳಿಯುತ್ತಿದ್ದರೆ, ಬೆಂಚಿನ ಮೇಲೆ ಅರ್ಧ ಊರು ಗಡ್ಡ ಕೆರೆದುಕೊಳ್ಳುತ್ತಾ ಕಾಯುತ್ತಿತ್ತು.

ನಯಾ ಪೈಸೆ ಇನ್ನೂ ಹೊಸದಾಗಿದ್ದ ಕಾಲ. ನಾನು ಹೈಸ್ಕೂಲಿನಲ್ಲಿದ್ದೆ. ಮೂಗಿನ ಕೆಳಗೆ ಮೀಸೆ ಮೂಡಿದೆಯೆಂದು ನಂಬಿದ್ದೆ, ನಂಬಿದ್ದು ನಾನೊಬ್ಬನೇ. ಅಂಗಡಿಗೆ ಹೋಗಿ ಗಂಟಲು ದಪ್ಪ ಮಾಡಿಕೊಂಡು, "ಸಾಬ್ರೇ, ನಂದೊಂದು ಶೇವಿಂಗು" ಎಂದೆ.

ಅವರು ತಿರುಗಿಯೂ ನೋಡಲಿಲ್ಲ. "ಕುಂತ್ಕಳ್ಲಾ. ಮೊದ್ಲು ಬಂದಿರೋರು ಅವ್ರು. ನಿಂಗಿಂತ ಅವ್ರಿಗೇ ಜಾಸ್ತಿ ಬೆಳ್ದೈತೆ."

ಬೆಳೆದಿದ್ದದ್ದು ಹುಳ. ಎಲೆಯ ತೊಟ್ಟಿನ ಸಂದಿಯಲ್ಲೆಲ್ಲ ಹತ್ತಿ ಅಂಟಿಸಿದಂತೆ ಬಿಳಿ ಬಿಳಿ ಹುಳ. ಅವುಗಳ ಅಂಟು ನೆಕ್ಕಲು ಇರುವೆಗಳ ಸಾಲು, ಅದು ಬಸ್ ಸ್ಟ್ಯಾಂಡಿನಿಂದಲೇ ಹೊರಡುತ್ತಿತ್ತೆಂದು ನಾನು ಆಣೆ ಮಾಡಿ ಹೇಳಬಲ್ಲೆ. ಸಾಬರು ಡಬ್ಬವನ್ನು ನೀರಿನ ತಟ್ಟೆಯಲ್ಲಿಟ್ಟು ಇರುವೆಯ ದಾರಿ ಕಡಿದಿದ್ದರು. ಹುಳಕ್ಕೆ ಸೋಪಿನ ನೊರೆ, ಅದಕ್ಕೆ ಬೆರೆಸಲು ಹೊಗೆಸೊಪ್ಪು ನೆನೆಸಿದ ನೀರು. ಬಳಿಯುವಾಗ ಗಿಡವನ್ನೂ ಗಿರಾಕಿಯಂತೆಯೇ ಮಾತಾಡಿಸುತ್ತಿದ್ದರು: "ವಸಿ ತಲೆ ಎತ್ತು. ಅಳ್ಳಾಡ್ಬ್ಯಾಡ. ಕಿವಿ ಹಿಂದೆ ಇನ್ನೂ ಐತೆ, ತಡಿ."

ಎಷ್ಟೇ ನಕ್ಕರೂ ವಿಷಯ ಬೆಂಚಿನ ಮೇಲಿದ್ದ ಎಲ್ಲರಿಗೂ ಗೊತ್ತಿತ್ತು. ಆ ಕ್ರೋಟನ್ನಿನ ಕಡ್ಡಿ ತಂದು ನೆಟ್ಟಿದ್ದು ತೀರಿಕೊಂಡ ಅವರ ಹೆಂಡತಿ. ಮಗಳು ಮೆಹರುನ್ ಮದುವೆಯಾಗಿ ಪಾವಗಡದ ಕಡೆಯ ವೈ.ಎನ್.ಹೊಸಕೋಟೆಗೆ ಹೊರಟಾಗ, "ಅಮ್ಮೀ ಗಿಡ ಜೋಪಾನ, ಅಬ್ಬಾ" ಎಂದಷ್ಟೇ ಹೇಳಿ ಬಸ್ಸು ಹತ್ತಿದ್ದಳು. ಈಗ ಅವಳು ಹೆರಿಗೆಗೆ ಬರುತ್ತಾಳೆಂದು ಕಡಲೆಕಾಯಿ ಲಾರಿಯವನೊಬ್ಬ ಸುದ್ದಿ ತಂದಿದ್ದ. ಅಂದಿನಿಂದ ಸಾಬರಿಗೆ ಮಿಕ್ಕವರ ಗಡ್ಡ ಕಣ್ಣಿಗೇ ಬೀಳುತ್ತಿರಲಿಲ್ಲ.

ಯಡವಟ್ಟಾಗಿದ್ದು ಅದೇ ವಾರ. ಸೋಪು ತೊಳೆದರು, ಟವಲಿನಿಂದ ಎಲೆ ಒತ್ತಿದರು. ಆಮೇಲೆ ಊರಿನ ಗಲ್ಲಗಳನ್ನೆಲ್ಲ ಸವರಿ ಪಳಗಿದ ಅವರ ಕೈ ತಾನಾಗಿಯೇ ಪೆಟ್ಟಿಗೆಯೊಳಗೆ ಹೋಗಿ ಪಟಿಕದ ಕಲ್ಲು ತೆಗೆಯಿತು. ಕ್ಷೌರವಾದ ಮುಖಕ್ಕೆ ಉಜ್ಜುವಂತೆ ಅಷ್ಟೂ ಎಲೆಗಳಿಗೆ ಪಟಿಕ ಉಜ್ಜಿ ಬಿಸಿಲಿಗಿಟ್ಟರು. ಬೆಂಚಿನ ಮೇಲಿದ್ದ ಒಬ್ಬನೂ ಬೇಡವೆನ್ನಲಿಲ್ಲ. ಸೋಪಾದ ಮೇಲೆ ಪಟಿಕ ಎನ್ನುವುದು ನಮಗೂ ಅಷ್ಟೇ ಸಹಜವಾಗಿತ್ತು.

ಸಂಜೆಗೆ ಎಲೆಗಳು ಹಪ್ಪಳದಂತೆ ಸುರುಟಿ, ಆಮೇಲೆ ದಿನಕ್ಕಿಷ್ಟರಂತೆ ಉದುರಿದವು. ಅಂಗಡಿ ಗುಡಿಸುವಾಗ ಸಾಬರು ಕೂದಲಿನ ನಡುವಿನಿಂದ ಆ ಕೆಂಪು ಹಳದಿ ಎಲೆಗಳನ್ನು ಮಾತ್ರ ಹೆಕ್ಕಿ ಬೇರೆ ಇಡುತ್ತಿದ್ದರು. ಪಟಿಕವನ್ನು ಚರಂಡಿಗೆ ಎಸೆದರು. ಕತ್ತಿ ತಾಕಿದ ಗಲ್ಲಗಳಿಗೆ ಪೇಪರ್ ಚೂರೇ ಗತಿಯಾಗಿ, ಊರ ಗಂಡಸರೆಲ್ಲ ಮುಖದ ಮೇಲೆ ದೇಶದ ಸುದ್ದಿ ಅಂಟಿಸಿಕೊಂಡು ಓಡಾಡಿದರು.

"ಚಿಗುರ್ತದೆ ಬುಡಿ ಸಾಬ್ರೇ" ಎಂದ ಪಕ್ಕದ ಸೋಡಾ ಅಂಗಡಿಯ ಪುಟ್ಟಣ್ಣ.

"ಹುಳ ಇನ್ನೂ ಗೆಣ್ಣಾಗೆ ಕುಂತೈತಲ್ಲ ಪುಟ್ಟಣ್ಣ. ಚಿಗುರ್ನೇ ಮೊದ್ಲು ತಿಂತದೆ. ಮಗ್ಳಿಗೆ ಏನಂತ ತೋರಿಸ್ಲಿ ನಾನು?"

ಅವತ್ತು ಅವರು ಗಿಡವನ್ನು ಮಾತಾಡಿಸಲಿಲ್ಲ. ಕತ್ತಿ ಮಸೆದು, ಹುಳ ಹಿಡಿದ ಕೊಂಬೆಗಳನ್ನೆಲ್ಲ ಕೊಯ್ದು, ಗೇಣುದ್ದದ ಬೋಳು ಕಾಂಡ ಉಳಿಸಿದರು. ಗೆಣ್ಣು ಗೆಣ್ಣಿಗೂ ಹೊಗೆಸೊಪ್ಪಿನ ನೀರು ಒರೆಸಿದರು.

ಮೆಹರುನ್ ಬಂದಳು. ಡಬ್ಬ ನೋಡಿದಳು, ಅಪ್ಪನ ಮುಖ ನೋಡಿದಳು, ಮನೆಯೊಳಗೆ ಹೋದಳು. ಅಲ್ಲಿಂದ ಹೆರಿಗೆಯವರೆಗೆ ಸಾಬರು ಯಾರ ಕ್ಷೌರ ಮಾಡಿದರೂ ತಮ್ಮದೇ ತಲೆ ಬೋಳಿಸಿಕೊಂಡವರಂತೆ ಕಾಣುತ್ತಿದ್ದರು.

ಹುಟ್ಟಿದ ಮಗುವಿಗೆ ಏಳನೆಯ ದಿನ ತಲೆಗೂದಲು ತೆಗೆಯುವುದು ಅವರಲ್ಲಿ ಪದ್ಧತಿ. ತೆಗೆದವರು ತಾತನೇ. ನಾನು ಮಗು ನೋಡಲೆಂದು ಹೋಗಿದ್ದೆ. ಸಿಹಿ ಹಂಚಿದ್ದು ಆಕಸ್ಮಿಕ. ಕೊನೆಯ ಕೂದಲು ಬಿದ್ದಾಗ ಸಾಬರ ಕೈ ಪೆಟ್ಟಿಗೆಯ ಕಡೆ ಹೋಗಿ, ಅರ್ಧದಲ್ಲೇ ನಿಂತಿತು. ಮೆಹರುನ್ ಅದನ್ನು ನೋಡಿದಳು. ಪಟಿಕದ ಕತೆ ಅಷ್ಟರಲ್ಲಿ ಅವಳಿಗೂ ಮುಟ್ಟಿತ್ತು.

"ಅಮ್ಮೀ ಗಿಡಾನ ಇಲ್ಲಿ ತಗೊಂಬನ್ನಿ, ಅಬ್ಬಾ."

ತಂದಿಟ್ಟರು. ಒಂದು ಗೆಣ್ಣಿನಲ್ಲಿ ಅಕ್ಕಿಕಾಳಿನಷ್ಟು ಕೆಂಪು ಚಿಗುರು. ಸುತ್ತ ಒಂದೂ ಬಿಳಿ ಹುಳವಿಲ್ಲ. ಅವಳು ಮಗುವಿನ ಬೋಳುತಲೆ ಸವರಿ, ಅದೇ ಕೈಯಿಂದ ಆ ಕಾಂಡವನ್ನೂ ಸವರಿದಳು. "ಯಾರ್ಗೆ ಮೊದ್ಲು ಕೂದ್ಲು ಬರ್ತದೋ ನೋಡಣ" ಎಂದಳು. ಸಾಬರು ನಕ್ಕರು, ಆಮೇಲೆ ಹೆಗಲ ಮೇಲಿದ್ದ ಗಿರಾಕಿ ಬಟ್ಟೆಯಲ್ಲಿ ಬಹಳ ಹೊತ್ತು ಮುಖ ಒರೆಸಿಕೊಂಡರು.

ಗೆದ್ದಿದ್ದು ಗಿಡ. ಮುಂದೆ ಸಾಬರ ಕೈ ನಡುಗತೊಡಗಿ, ಮಗಳು ತನ್ನ ಜೊತೆ ಕರೆದೊಯ್ದಾಗ ಅದು ಎದೆಮಟ್ಟ ಬೆಳೆದಿತ್ತು. ಪಾವಗಡದ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು, ಬಿಳಿ ಬಟ್ಟೆ ಹೊದಿಸಿ ಕೂತಿದ್ದರು. ಕಂಡಕ್ಟರ್ ಮಗುವೆಂದುಕೊಂಡು, "ಮಗ ಯಾರ್ದು ಸಾಬ್ರೇ?" ಎಂದ.

"ಮಗ ಅಲ್ಲಪ್ಪ. ನಮ್ಮನೆಯೋರು."

ಕಿಟಕಿಯಿಂದ ನನ್ನ ಕಡೆ ಬಗ್ಗಿ ನೋಡಿದರು. "ಈಗ ಬಂದೈತೆ ಕಣ್ಲಾ ಮೀಸೆ. ನನ್ ಕೈ ನೆಟ್ಟಗಿದ್ದಾಗ್ಲೇ ಬರ್ಬಾರ್ದಾಗಿತ್ತಾ?"

ಆ ಅಂಗಡಿಯಲ್ಲಿ ಈಗ ಬೇರೆಯವನಿದ್ದಾನೆ, ಕುರ್ಚಿಯೂ ಬೇರೆ. ಸೋಪು ತೊಳೆದು ಅವನು ಪಟಿಕ ಕೈಗೆತ್ತಿಕೊಂಡರೆ ನನ್ನ ಮುಖ ತಾನಾಗಿಯೇ ಹಿಂದಕ್ಕೆ ಸರಿಯುತ್ತದೆ.