ಕಾಲಿಗೆ ನಾಲ್ಕು ಚಕ್ರ

ಸಣ್ಣ ವಿಮಾನ ನಿಲ್ದಾಣದ ಮೇಸ್ತ್ರಿಗೆ ರನ್‌ವೇ ಅಂದರೆ ಹೆತ್ತ ಮಗಳಿದ್ದಂತೆ; ಅದರ ಮೇಲೊಂದು ಬಿರುಕು ಕಂಡರೂ ಜೀವ ಹಿಂಡುತ್ತಿತ್ತು. ಗಣ್ಯರೊಬ್ಬರ ಐವತ್ತು ಟನ್ನಿನ ವಿಮಾನ ಇಳಿಸಲು ಮೇಸ್ತ್ರಿ ಒಪ್ಪದಿದ್ದಾಗ ಹೊಸ ಮ್ಯಾನೇಜರು ಮೀಸೆ ತಿರುವಿದರು.

“ಹೋದ ವಾರ ಅರವತ್ತು ಟನ್ನಿಂದೇ ಇಳೀಲಿಲ್ವೇನ್ರೀ? ತೂಕ ಅಂದ್ರೆ ತೂಕ!”

“ಅದರ ಕಾಗದದಲ್ಲಿ ‘ಟು ಡಿ’ ಅಂತಿತ್ತು ಸಾರ್, ಅಂದ್ರೆ ವಿಮಾನದ ಒಂದೊಂದು ಹಿಂಗಾಲಿಗೂ ನಾಲ್ಕು ಚಕ್ರ. ಇದು ಬರೀ ‘ಡಿ’, ಕಾಲಿಗೆ ಎರಡೇ. ಇಂಥದ್ದಾದ್ರೆ ನಮ್ಮ ರನ್‌ವೇ ನಲವತ್ತೇ ಟನ್ ತಾಳೋದು. ಇಡೀ ಪಾದ ಊರೋದೇ ಬೇರೆ, ಹಿಮ್ಮಡೀಲಿ ತುಳಿಯೋದೇ ಬೇರೆ ಅಲ್ವಾ?”

ಮ್ಯಾನೇಜರು ಗಂಟಲು ಸರಿಮಾಡಿಕೊಂಡು ಫೈಲಿನಲ್ಲಿ ಬರೆದರು: “ನಾನು ಮೊದಲಿಂದಲೂ ಹೇಳುತ್ತಿರುವಂತೆ, ಕಾಲಿಗೆ ನಾಲ್ಕು ಚಕ್ರದ ವಿಮಾನವನ್ನೇ ಕಳುಹಿಸತಕ್ಕದ್ದು.”

ಮೇಸ್ತ್ರಿ ಕೆಳಗೆ ಸಹಿ ಹಾಕಿದರು. ರನ್‌ವೇ ಉಳಿಯಿತಲ್ಲ, ಹೆಸರು ಯಾರಿಗೆ ಬಂದರೇನು!