ಹೆಬ್ಬೂರಿನ ಹತ್ತಿರ ವಾಚು ನೋಡಿದ್ದು

ನಮ್ಮ ಐಸಿಯುನಲ್ಲಿ ಯಾರಾದರೂ ಸತ್ತರೆ ಮೊದಲು ಗಡಿಯಾರ ನೋಡುತ್ತೇವೆ. ನೋಡಿದವರು ಸಮಯವನ್ನು ಗಟ್ಟಿಯಾಗಿ ಹೇಳಬೇಕು, ಪಕ್ಕದಲ್ಲಿರುವವರು ಕೇಸ್‌ಶೀಟಿನಲ್ಲಿ ಬರೆದುಕೊಳ್ಳಬೇಕು. ಕೆಲಸಕ್ಕೆ ಸೇರಿದ ಮೊದಲ ವರ್ಷ ಹಾಗೆ ಹೇಳುವ ಮೊದಲು ಎರಡೆರಡು ಸಲ ಗಡಿಯಾರ ನೋಡುತ್ತಿದ್ದೆ. ಹದಿನಾಲ್ಕನೆಯ ವರ್ಷದ ಹೊತ್ತಿಗೆ ಗುಬ್ಬಿ ಬಸ್ಸಿನ ಟೈಮು ಹೇಳಿದಷ್ಟೇ ಸಲೀಸಾಗಿ ಬಾಯಿಗೆ ಬರುತ್ತಿತ್ತು.

ನಾಡಿ ನೋಡುವುದರಲ್ಲಿ ನನ್ನದು ಪಳಗಿದ ಕೈ. ಮಾನಿಟರ್ ಕೈಕೊಟ್ಟರೂ ಈ ಸಿಸ್ಟರ್ ಬೆರಳು ಕೈಕೊಡುವುದಿಲ್ಲ ಎಂದು ಡ್ಯೂಟಿ ಡಾಕ್ಟರುಗಳೇ ಹೇಳುತ್ತಿದ್ದರು. ರೋಗಿಯ ಕತ್ತಿನ ಪಕ್ಕ ಎರಡು ಬೆರಳಿಟ್ಟು ನಾನು ಇಲ್ಲವೆಂದು ತಲೆಯಾಡಿಸಿದರೆ, ಅವರು ಸ್ಟೆತಸ್ಕೋಪು ಕಿವಿಗೆ ಹಾಕಿಕೊಳ್ಳುವ ಮೊದಲೇ ಮುಖ ಸಪ್ಪಗೆ ಮಾಡಿಕೊಳ್ಳುತ್ತಿದ್ದರು. ನನಗೆ ಅದರ ಬಗ್ಗೆ ಜಂಬವಿತ್ತು. ಸುಳ್ಳು ಯಾಕೆ ಹೇಳಲಿ?

ಹೊರಗೆ ಪ್ರಾಣ ಬಿಟ್ಟವರನ್ನು ಒಳಗೆ ತರಬಾರದು ಎನ್ನುವ ಮನೆಗಳು ನಮ್ಮ ಕಡೆ ಇನ್ನೂ ಬೇಕಾದಷ್ಟಿವೆ. ಹಾಗಾಗಿ ಡಾಕ್ಟರು ಕೈಚೆಲ್ಲಿದ ಮೇಲೆ ಎಷ್ಟೋ ಜನ, ಉಸಿರಿರುವಾಗಲೇ ಮನೆಗೆ ಕಳಿಸಿಕೊಡಿ ಎಂದು ಕೇಳುತ್ತಾರೆ. ಕಾಗದಕ್ಕೆ ಸಹಿ ಆಗುತ್ತದೆ. ವೆಂಟಿಲೇಟರ್ ಬಿಚ್ಚಿ, ಬಾಯಿಯಲ್ಲಿರುವ ಕೊಳವೆಗೆ ಒಂದು ರಬ್ಬರ್ ಚೀಲ ಸಿಕ್ಕಿಸುತ್ತೇವೆ. ಅದನ್ನು ಅಂಬು ಬ್ಯಾಗ್ ಎನ್ನುತ್ತಾರೆ. ಐದಾರು ಸೆಕೆಂಡಿಗೊಮ್ಮೆ ಹಿಚುಕಿದರೆ ಒಂದು ಉಸಿರು. ಒಬ್ಬ ನರ್ಸು ಆಂಬುಲೆನ್ಸಿನಲ್ಲಿ ಕೂತು ಮನೆಯವರೆಗೂ ಹಿಚುಕುತ್ತಾ ಹೋಗಬೇಕು. ನಡುಮನೆಯಲ್ಲಿ ಮಲಗಿಸಿ ಬಾಯಿಗೆ ನೀರು ಬಿಟ್ಟ ಮೇಲೆ ಅವಳೇ ನಿಲ್ಲಿಸಬೇಕು. ನಿಲ್ಲಿಸು ಎಂದು ಬರೆದ ಡಾಕ್ಟರು ಆ ಹೊತ್ತಿಗೆ ಆಸ್ಪತ್ರೆಯಲ್ಲಿ ಬೇರೆಯವರ ಎಕ್ಸ್‌ರೇ ನೋಡುತ್ತಿರುತ್ತಾರೆ.

ಅವತ್ತಿನ ರೋಗಿಗೆ ಅರವತ್ತು ದಾಟಿತ್ತು. ಕುಣಿಗಲ್ ರಸ್ತೆಯಲ್ಲಿ ಹೆಬ್ಬೂರಿನಿಂದ ಆಚೆ ಊರು. ತೆಂಗಿನ ತೋಟ, ಎರಡು ಹಸು. ಮೆದುಳಿನಲ್ಲಿ ರಕ್ತಸ್ರಾವವಾಗಿ ಆರು ದಿನದಿಂದ ಕಣ್ಣು ತೆರೆದಿರಲಿಲ್ಲ. ನಮ್ಮ ಇನ್‌ಚಾರ್ಜ್ ಸಿಸ್ಟರ್ ಡ್ಯೂಟಿ ಲಿಸ್ಟನ್ನೂ ನೋಡದೆ, "ನೀನೇ ಹೋಗಮ್ಮ, ನಿಂಗಾದ್ರೆ ಕಾನ್ಫಿಡೆನ್ಸ್ ಇದೆ" ಎಂದರು. ಬೆಳಗ್ಗೆ ಹನ್ನೊಂದಕ್ಕೆ ಐದು ನಿಮಿಷ ಇರುವಾಗ ಹೊರಟೆವು. ಕುಣಿಗಲ್‌ನಲ್ಲಿ ಮೇಷ್ಟ್ರಾಗಿದ್ದ ಮಗ ಮುಂದೆ ಡ್ರೈವರ್ ಪಕ್ಕ ಕೂತರು. ರೋಗಿಯ ಹೆಂಡತಿ ಹಿಂದೆ, ನನ್ನ ಎದುರು.

ಆಕೆ ಅಳುತ್ತಿರಲಿಲ್ಲ. ಗಂಡನ ಕಾಲನ್ನು ಸೆರಗಿನಿಂದ ಮುಚ್ಚಿ ಹಿಡಿದುಕೊಂಡಿದ್ದರು. ರಿಂಗ್ ರೋಡ್ ದಾಟಿದ ಮೇಲೆ ತಾವಾಗಿಯೇ ಮಾತು ತೆಗೆದರು.

"ಇವ್ರಪ್ಪ ಬಸ್ಸಲ್ಲೇ ಹೋಗ್ಬುಟ್ರು ಕಣವ್ವ. ಒಳಕ್ಕೆ ತರ್ಲಿಲ್ಲ. ಮಳೇಲಿ ಟಾರ್ಪಾಲ್ ಕೆಳಗೆ ಹಾಕಿದ್ರು, ಯಾರೋ ದಾರಿಹೋಕನ್ನ ಹಾಕ್ದಂಗೆ. ಅವತ್ತೇ ನನ್ ತಾವ ಮಾತು ತಗೊಂಡವ್ರೆ, ನನ್ನ ಮಾತ್ರ ನಡುಮನೇಲೇ ಕಳ್ಸು ಅಂತ. ತಲುಪ್ತೀವಾ?"

"ತಲುಪ್ತೀವಮ್ಮ" ಎಂದೆ. ಹಾಗೆ ಹೇಳಲು ನಾನ್ಯಾರು ಎಂದು ಆಗ ಹೊಳೆಯಲಿಲ್ಲ. ಬಲಗೈ ಹಿಚುಕುತ್ತಿತ್ತು, ಎಡಗೈ ಆಗಾಗ ಕತ್ತಿಗೆ ಹೋಗಿ ಬರುತ್ತಿತ್ತು. ನಾಡಿ ಸಣ್ಣಗಿತ್ತು, ಆದರೆ ಇತ್ತು.

ಹೆಬ್ಬೂರಿನ ಹತ್ತಿರ ತೆಂಗಿನಕಾಯಿ ಹೇರಿಕೊಂಡ ಲಾರಿಯೊಂದು ದಾರಿ ಬಿಡಲಿಲ್ಲ. ಡ್ರೈವರ್ ಬ್ರೇಕ್ ಹಾಕಿ ಬೈದುಕೊಂಡ. ನಾನು ಅಭ್ಯಾಸದಂತೆ ಕತ್ತಿಗೆ ಬೆರಳಿಟ್ಟೆ. ಏನೂ ಇರಲಿಲ್ಲ. ಇನ್ನೊಂದು ಕಡೆ ಇಟ್ಟೆ. ಅಲ್ಲೂ ಇಲ್ಲ. ಕಣ್ಣಿನ ರೆಪ್ಪೆ ಎತ್ತಿ ನೋಡಿದೆ. ಆಮೇಲೆ ನನ್ನ ತಲೆ ತಾನಾಗಿ ವಾಚಿನ ಕಡೆ ತಿರುಗಿತು, ಬಾಯಿ ತಾನಾಗಿ ಹೇಳಿತು.

"ಹನ್ನೊಂದು ನಲವತ್ತು."

"ಏನವ್ವ ಹನ್ನೊಂದು ನಲವತ್ತು?" ಎಂದರು ಆಕೆ.

ಡ್ರೈವರ್ ಕನ್ನಡಿಯಲ್ಲಿ ನನ್ನನ್ನೇ ನೋಡಿದ. ಇಂಥ ಟ್ರಿಪ್ ನನಗಿಂತ ಹೆಚ್ಚು ಮಾಡಿದವನು. ಸುಮ್ಮನಿರಿ ಎಂದು ಅವನ ಕಣ್ಣು ಹೇಳುತ್ತಿತ್ತು. ಟೈಮ್ ನೋಡಿದೆ ಅಷ್ಟೇ ಅಮ್ಮ ಎಂದಿದ್ದರೆ ಮುಗಿದುಹೋಗುತ್ತಿತ್ತು. ಚೀಲ ಇನ್ನೂ ಕೈಯಲ್ಲಿತ್ತು, ಹಿಚುಕಿದಾಗೆಲ್ಲ ಎದೆ ಇನ್ನೂ ಏಳುತ್ತಿತ್ತು. ಮನೆಗೆ ಇನ್ನು ಕಾಲು ಗಂಟೆಯ ದಾರಿ. ಆದರೆ ನಾನು "ಇಲ್ಲಮ್ಮ, ಹೋಗ್ಬಿಟ್ರು" ಎಂದೆ. ಸತ್ಯದ ಮೇಲಿನ ಭಕ್ತಿಯಿಂದ ಹೇಳಿದೆ ಎಂದು ಆಮೇಲೆ ಎಷ್ಟೋ ಸಲ ಸಮಾಧಾನ ಹೇಳಿಕೊಂಡಿದ್ದೇನೆ. ಅದು ಬರೀ ಜಂಬ. ನನ್ನ ಬೆರಳು ಹೇಳಿದ್ದನ್ನು ನುಂಗಿಕೊಳ್ಳುವುದು ನನಗೆ ಗೊತ್ತಿರಲಿಲ್ಲ.

ಮಗ ಚಿಕ್ಕಪ್ಪನಿಗೆ ಫೋನ್ ಮಾಡಿದರು. ನಾವು ಹೋಗುವಷ್ಟರಲ್ಲಿ ಅಂಗಳದಲ್ಲಿ ಚಾಪೆ ಹಾಸಿತ್ತು. ಸ್ಟ್ರೆಚರ್ ಇಳಿಸುತ್ತಿದ್ದಂತೆ ಆ ಚಿಕ್ಕಪ್ಪ ಅಡ್ಡ ಬಂದು, "ಒಳಕ್ಕೆ ಬ್ಯಾಡ, ಹೊರಗೇ ಆಗೋಗದೆ" ಎಂದರು. ಗಟ್ಟಿಯಾಗಿ ಹೇಳಲಿಲ್ಲ, ಅವರೂ ಅಳುತ್ತಿದ್ದರು. ಯಾರೂ ವಾದ ಮಾಡಲಿಲ್ಲ. ಆ ಹೆಂಗಸು ಹೊಸ್ತಿಲ ತನಕ ಹೋಗಿ ಒಳಗೆ ನೋಡಿದರು. ನನಗೂ ಕಂಡಿತು. ನಡುಮನೆಯಲ್ಲಿ ಒಗೆದ ಬೆಡ್‌ಶೀಟ್ ಹಾಕಿ ಹಾಸಿಗೆ ಸಿದ್ಧ ಮಾಡಿದ್ದರು. ಪಕ್ಕದಲ್ಲಿ ತುಳಸಿ ಹಾಕಿದ ನೀರಿನ ಲೋಟ ಇತ್ತು.

ನಾನು ಅಂಗಳದಲ್ಲಿ ಕೂತು ಕೊಳವೆ ತೆಗೆದೆ. ಪ್ಲಾಸ್ಟರಿನ ಅಂಟು ಕೆನ್ನೆಗೆ ಹತ್ತಿಕೊಂಡಿತ್ತು. ಕೊಬ್ಬರಿ ಎಣ್ಣೆ ಕೇಳಿದೆ. ಆಕೆಯೇ ಬಟ್ಟಲು ಹಿಡಿದುಕೊಂಡು ಬಂದು ನನ್ನ ಪಕ್ಕ ಕುಕ್ಕರಗಾಲಿನಲ್ಲಿ ಕೂತರು. ನಾನು ಒರೆಸುವುದನ್ನು ನೋಡುತ್ತಾ, "ನೀನು ಆ ವಾಚ್ ನೋಡ್ದೆ ಇದ್ದಿದ್ರೆ, ಇವ್ರು ಇನ್ನೊಂದು ಕಾಲ್ ಗಂಟೆ ಬದ್ಕಿರೋರು ಕಣವ್ವ" ಎಂದರು.

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನಾನೂ ಎರಡು ಮಾತು ಆಡುತ್ತಿದ್ದೆ. ಜಗಳಕ್ಕೆ ನಾನು ಯಾವತ್ತೂ ಹಿಂದೆ ಸರಿದವಳಲ್ಲ. ಆಕೆ ಲೆಕ್ಕ ಒಪ್ಪಿಸಿದಂತೆ ಹೇಳಿ ಎಣ್ಣೆ ಬಟ್ಟಲು ಒಳಗಿಡಲು ಎದ್ದು ಹೋದರು.

ವಾಪಸ್ ಬರುವಾಗ ಡ್ರೈವರ್ ಸುಮ್ಮನಿರಲಿಲ್ಲ. "ಏನ್ ಸಿಸ್ಟರ್ ನೀವು! ಒತ್ಕೊಂಡು ಕೂತಿರೋದು ಬುಟ್ಟು..." ಎಂದ. "ರೋಡ್ ನೋಡ್ಕೊಂಡು ಓಡ್ಸಪ್ಪ" ಎಂದು ರೇಗಿದೆ. ಡ್ಯೂಟಿ ಮುಗಿಸಿ ಮನೆಗೆ ಬಂದು ಸಾರು ಮಾಡಿ ಉಂಡೆ. ಅಳು ಬರುತ್ತದೇನೋ ಎಂದು ಕಾದೆ, ಬರಲಿಲ್ಲ. ಮಾರನೆ ದಿನವೂ ಬರಲಿಲ್ಲ. ಬೆರಳಿಗೆ ಜೋಮು ಹಿಡಿದಂತೆ ಮನಸ್ಸಿಗೂ ಹಿಡಿಯುತ್ತದೆ ಎಂದು ನನಗೆ ಅಷ್ಟು ವರ್ಷ ಗೊತ್ತಿರಲಿಲ್ಲ. ರೋಗಿಗಳ ಬಾಯಿ ತೊಳೆದೆ, ಮಗ್ಗುಲು ಬದಲಿಸಿದೆ, ಡ್ರಿಪ್ ನೋಡಿದೆ. ಒಂದೂ ತಪ್ಪಲಿಲ್ಲ.

ಒಂದೆರಡು ತಿಂಗಳ ಮೇಲೆ ಆಸ್ಪತ್ರೆಯಲ್ಲಿ ನಮಗೆಲ್ಲ ಒಂದು ಟ್ರೈನಿಂಗ್ ಆಯಿತು. ಬಿಸ್ಕತ್ತು, ಟೀ, ಆಮೇಲೆ ಒಂದು ಫಾರಂ. ಕೆಲಸದಲ್ಲಿ ನಿಮ್ಮ ಆತ್ಮವಿಶ್ವಾಸ ಎಷ್ಟು, ಒಂದರಿಂದ ಐದರೊಳಗೆ ಗುರುತು ಮಾಡಿ ಎಂದಿತ್ತು. ಐದಕ್ಕೆ ಟಿಕ್ ಹಾಕಿದೆ. ಮನಸ್ಸಿಗೆ ವಿರುದ್ಧವಾದ ಕೆಲಸ ಮಾಡಬೇಕಾಗಿ ಬಂದಿದೆಯೇ ಎಂಬುದಕ್ಕೆ ಇಲ್ಲ ಎಂದು ಬರೆದೆ. ನನ್ನ ಪಕ್ಕದವಳೂ ನನ್ನದನ್ನು ನೋಡಿಕೊಂಡು ಅದನ್ನೇ ಬರೆದಳು.

ಆಮೇಲೆ ಗುಬ್ಬಿಯ ಮುದುಕಿಯೊಬ್ಬರು ಬಂದರು. ಶ್ವಾಸಕೋಶ ಪೂರ್ತಿ ಹೋಗಿತ್ತು. ಅವರನ್ನು ಮನೆಗೆ ಮುಟ್ಟಿಸಲು ಇನ್‌ಚಾರ್ಜ್ ಸಿಸ್ಟರ್ ಮತ್ತೆ ನನ್ನನ್ನೇ ಕಳಿಸಿದರು. ಮಗಳು ಜೊತೆಗೆ ಕೂತಳು. ತಾಲ್ಲೂಕು ಆಫೀಸಿನಲ್ಲಿ ಕೆಲಸ ಮಾಡುವವಳು, ಓದಿದವಳು. ಆದರೂ ಹೊರಡುವಾಗಲೇ, "ಒಳಗಡೆನೇ ಆಗ್ಬೇಕು ಸಿಸ್ಟರ್, ಅಷ್ಟು ಮಾಡ್ಕೊಡಿ" ಎಂದಳು. ನಾನು ತಲೆಯಾಡಿಸಿದೆ.

ಆ ದಾರಿಯುದ್ದಕ್ಕೂ ನಾನು ಕತ್ತಿಗೆ ಕೈ ಹಾಕಲೇ ಇಲ್ಲ. ಎಡಗೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ. ಮಗಳು ಮೂರು ಸಲ "ಅವ್ವ ಇದಾರಾ?" ಎಂದು ಕೇಳಿದಳು. ಮೂರು ಸಲವೂ "ಇದಾರೆ" ಎಂದೆ. ಅವತ್ತು ಗುಬ್ಬಿಯಲ್ಲಿ ಸಂತೆ. ಆಟೋಗಳ ನಡುವೆ ಆಂಬುಲೆನ್ಸ್ ನಿಂತು ನಿಂತು ಹೋಯಿತು. ನಾನು ಹಿಚುಕುತ್ತಲೇ ಇದ್ದೆ.

ನಡುಮನೆಯಲ್ಲಿ ಮಲಗಿಸಿದರು. ಮಗಳು ನೀರು ಬಿಟ್ಟಳು, ಅದು ತುಟಿಯಿಂದ ಕತ್ತಿಗೆ ಇಳಿಯಿತು. ನಾನು ಚೀಲ ಬಿಟ್ಟೆ. ಆಮೇಲೆ ಕೈ ಮುಟ್ಟಿ ನೋಡಿದೆ, ತಣ್ಣಗಿತ್ತು. ಈಗ ತಾನೆ ಹೋದವರ ಕೈ ಅಷ್ಟು ತಣ್ಣಗಿರುವುದಿಲ್ಲ.

"ನಮ್ಮವ್ವನ್ನ ಮನೆ ಮುಟ್ಟಿಸ್ಬುಟ್ರಿ ಸಿಸ್ಟರ್, ನಿಮ್ಮ ಋಣ ತೀರ್ಸಕ್ಕಾಗಲ್ಲ" ಎಂದು ಮಗಳು ನನ್ನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. ಯಾರೋ ಕಾಫಿ ತಂದುಕೊಟ್ಟರು, ಕುಡಿದೆ. ಆಸ್ಪತ್ರೆಗೆ ಬಂದಾಗ ಇನ್‌ಚಾರ್ಜ್ ಸಿಸ್ಟರ್ ಎಷ್ಟು ಹೊತ್ತಿಗೆ ಆಯಿತು ಎಂದು ಕೇಳಿದರು. ಮನೆ ತಲುಪಿದ ಹೊತ್ತನ್ನು ಹೇಳಿದೆ, ಅವರು ಬರೆದುಕೊಂಡರು. ಆ ಮುದುಕಿ ದಾರಿಯಲ್ಲಿ ಯಾವ ಊರಿನ ಹತ್ತಿರ ಹೋದರೋ ನನಗೆ ಗೊತ್ತಿಲ್ಲ. ಅವರ ಹತ್ತಿರ ಇದ್ದವರಲ್ಲಿ ಅದನ್ನು ತಿಳಿಯಬಹುದಾಗಿದ್ದವಳು ನಾನೊಬ್ಬಳೇ, ನಾನು ನೋಡಲಿಲ್ಲ.